ದಾರಿಯಲ್ಲಿ ಬಿದ್ದವನೂ ದಾರಿಹೋಕನ ಧರ್ಮವೂ

ದಾರಿಯ ಬದಿಯಲ್ಲಿ ಒಬ್ಬನು ಗಾಯಗೊಂಡು ಬಿದ್ದಿರುವನು. ಅವನು ನಮಗೆ ಬಂಧುವಲ್ಲ, ಪರಿಚಿತನಲ್ಲ. ಅವನು ಬಿದ್ದುದಕ್ಕೆ ನಾವು ಕಾರಣರೂ ಅಲ್ಲ. ನಮಗೆ ನಮ್ಮ ಕೆಲಸವುಂಟು, ಹೊತ್ತಾಗುತ್ತಿದೆ. ನಾವು ನಿಲ್ಲದೆ ಹೊರಟುಹೋದೆವೆಂದು ಇಟ್ಟುಕೊಳ್ಳೋಣ. ಆಗ ನಾವು ಮಾಡಿದುದೇನು? ಒಂದು ಪುಣ್ಯಕಾರ್ಯವು ತಪ್ಪಿಹೋಯಿತೆಂದು ಮಾತ್ರ ಹೇಳಬೇಕೆ, ಇಲ್ಲವೆ ಒಂದು ಪಾಪವೇ ನಮ್ಮಿಂದ ಘಟಿಸಿತೆಂದು ಹೇಳಬೇಕೆ? ಮೇಲುನೋಟಕ್ಕೆ ಇದು ಬರಿಯ ಮಾತಿನ ಭೇದವೆಂದು ತೋರಬಹುದು. ವಿಚಾರಿಸಿ ನೋಡಿದರೆ ಬಿದ್ದವನ ಪ್ರಾಣವು ಉಳಿಯುವುದೂ ಹೋಗುವುದೂ ಅನೇಕವೇಳೆ ಈ ಭೇದವನ್ನೇ ಅವಲಂಬಿಸಿದೆಯೆಂಬುದು ತಿಳಿದುಬರುವುದು.

ಈ ಪ್ರಶ್ನೆಯು ನಮ್ಮ ಸೀಮೆಗೆ ದೂರದ್ದಲ್ಲ. ಕೇಂದ್ರ ಸರ್ಕಾರದ ಸಾರಿಗೆ ಮಂತ್ರಾಲಯವು ಪ್ರಕಟಿಸಿದ ಲೆಕ್ಕದಂತೆ 2022ನೆಯ ಇಸವಿಯೊಂದರಲ್ಲಿಯೇ ಭರತಖಂಡದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕು ಜನರು ಸತ್ತುದು ಕರ್ನಾಟಕದ ರಸ್ತೆಗಳಲ್ಲಿ. ದೇಶದಲ್ಲಿ ಹೀಗೆ ಸತ್ತವರ ಪೈಕಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರವಾಹನಗಳ ಮೇಲಿದ್ದವರು. ಇನ್ನು ನಮ್ಮ ನಾಲ್ಕು ತಾಲ್ಲೂಕುಗಳನ್ನು ನೋಡಿರಿ. ಚನ್ನಗಿರಿಯ ಅಡಕೆಯ ತೋಟಗಳ ನಡುವಿನ ಕಿರಿದಾರಿಗಳು, ಭದ್ರಾ ನಾಲೆಯ ಏರಿಯನ್ನು ಹಿಡಿದು ಹೋಗುವ ದಾರಿಗಳು, ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ದಾಟಿ ಶಿವಮೊಗ್ಗೆಗೂ ಹರಿಹರಕ್ಕೂ ಸಾಗುವ ಹೆದ್ದಾರಿ, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿವರ್ಷ ಫೆಬ್ರವರಿಯಲ್ಲಿ ಸೇವಾಲಾಲರ ಭಕ್ತರು ಕಾಲ್ನಡಿಗೆಯಿಂದ ಬರುವ ಮಾರ್ಗಗಳು, ಜಗಳೂರಿನ ಬಯಲಿನಲ್ಲಿ ವೇಗಕ್ಕೆ ಅಡ್ಡಿಯೇ ಇಲ್ಲದಂತೆ ನೇರವಾಗಿ ಚಾಚಿದ ರಸ್ತೆಗಳು. ಇವುಗಳಲ್ಲಿ ಎಲ್ಲಿಯೇ ಅಪಘಾತವಾದರೂ, ದೊಡ್ಡ ಗಾಯವಾದರೆ ಕೊನೆಗೆ ಹೋಗಬೇಕಾದುದು ದಾವಣಗೆರೆಗೆ, ಅಥವಾ ಹೊನ್ನಾಳಿ ನ್ಯಾಮತಿಗಳ ಕಡೆಯವರಾದರೆ ಶಿವಮೊಗ್ಗೆಗೆ. ಆ ದೂರವು ಬಹುಮಟ್ಟಿಗೆ ಮೂವತ್ತರಿಂದ ಅರುವತ್ತು ಕಿಲೋಮೀಟರು. ಗಾಯವಾದ ಮೊದಲನೆಯ ಒಂದು ಗಂಟೆಯಲ್ಲಿ ಚಿಕಿತ್ಸೆ ದೊರೆತರೆ ಪ್ರಾಣವುಳಿಯುವ ಸಂಭವವು ಎಲ್ಲಕ್ಕಿಂತ ಹೆಚ್ಚೆಂದು ವೈದ್ಯರು ಹೇಳುವರು. ಕಾನೂನು ಸಹ ಆ ಗಂಟೆಗೆ ಒಂದು ಹೆಸರನ್ನಿಟ್ಟು ‘ಸುವರ್ಣ ಘಳಿಗೆ’ ಎಂದು ಅಂಗೀಕರಿಸಿದೆ. ನಮ್ಮ ಸೀಮೆಯಲ್ಲಿ ಆ ಗಂಟೆಯ ಬಹುಪಾಲು ಪ್ರಯಾಣಕ್ಕೇ ವೆಚ್ಚವಾಗುವುದು. ಉಳಿದ ಹತ್ತು ಹದಿನೈದು ನಿಮಿಷಗಳ ಒಡೆಯನು ವೈದ್ಯನಲ್ಲ, ಪೋಲೀಸಿನವನಲ್ಲ. ಆ ಸಮಯಕ್ಕೆ ಅಲ್ಲಿಗೆ ಬಂದ ದಾರಿಹೋಕನು.

ಹೀಗಿರಲು ಆ ದಾರಿಹೋಕನ ಕರ್ತವ್ಯವೆಂತಹುದೆಂಬುದನ್ನು ನಿರ್ಣಯಿಸತಕ್ಕದ್ದು ಅವಶ್ಯಕ. ನಮ್ಮ ಪೂರ್ವಿಕರು ದಾರಿಯನ್ನು ಧರ್ಮಕ್ಷೇತ್ರವೆಂದೇ ಭಾವಿಸಿದ್ದರು. ಅರವಟ್ಟಿಗೆಯನ್ನಿಡಿಸುವುದು, ಸಾಲುಮರಗಳನ್ನು ನೆಡಿಸುವುದು, ತಲೆಹೊರೆಯನ್ನು ಇಳಿಸಿ ದಣಿವಾರಿಸಿಕೊಳ್ಳಲು ಹೊರೆಗಲ್ಲುಗಳನ್ನು ನಿಲ್ಲಿಸುವುದು, ಛತ್ರಗಳನ್ನು ಕಟ್ಟಿಸುವುದು ಇವೆಲ್ಲವೂ ಪೂರ್ತವೆಂಬ ಧರ್ಮದಲ್ಲಿ ಸೇರಿದುವು. ಪೂರ್ತವನ್ನು ಆಚರಿಸಿದವನಿಗೆ ಪುಣ್ಯವುಂಟು. ಅರವಟ್ಟಿಗೆಯನ್ನಿಡದವನನ್ನು ಮಾತ್ರ ಪಾಪಿಯೆಂದು ಯಾರೂ ಹೇಳಲಾರರು. ಜನಸಾಮಾನ್ಯರು ಗಾಯಾಳುವಿಗೆ ಮಾಡುವ ಸಹಾಯವನ್ನೂ ಈ ಪಂಕ್ತಿಯಲ್ಲಿಯೇ ಕುಳ್ಳಿರಿಸಿರುವರು. “ಪುಣ್ಯಾತ್ಮ, ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ” ಎಂದು ಹೊಗಳುವ ಮಾತಿನಲ್ಲಿಯೇ, ಸೇರಿಸದೆ ಹೋದವನಲ್ಲಿ ದೋಷವಿಲ್ಲವೆಂಬ ಅರ್ಥವೂ ಅಡಗಿರುವುದು. ದೋಷವಿರುವುದು ಇಲ್ಲಿಯೇ.

ಮೀಮಾಂಸಕರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯವೆಂದು ವಿಭಾಗಿಸಿರುವರು. ದಿನದಿನವೂ ಮಾಡಲೇಬೇಕಾದುದು ನಿತ್ಯ. ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವುಂಟು. ಯಾವುದೊಂದು ನಿಮಿತ್ತವು ಒದಗಿದಾಗ ಮಾಡಬೇಕಾದುದು ನೈಮಿತ್ತಿಕ. ಗ್ರಹಣಕಾಲದ ಸ್ನಾನವು ಇದಕ್ಕೆ ಉದಾಹರಣೆ. ನಿಮಿತ್ತವಿಲ್ಲದಿದ್ದಾಗ ಅದು ನಮ್ಮನ್ನು ಬಾಧಿಸುವುದಿಲ್ಲ. ನಿಮಿತ್ತ ಬಂದ ಮೇಲೆ ಬಿಡಲು ಬಾರದು. ಫಲವನ್ನು ಬಯಸಿ ಮಾಡುವುದು ಕಾಮ್ಯ. ಬಯಕೆಯಿಲ್ಲದವನು ಅದನ್ನು ಬಿಡಬಹುದು. ಗಾಯಾಳುವಿಗೆ ನೆರವಾಗುವುದನ್ನು ನಮ್ಮ ಜನರು ಕಾಮ್ಯವೆಂದು ಎಣಿಸಿರುವರು. ವಾಸ್ತವವಾಗಿ ಅದು ನೈಮಿತ್ತಿಕವೆಂಬುದು ಈ ಲೇಖನದ ಪ್ರತಿಪಾದ್ಯ. ಅಪಘಾತವು ನಿಮಿತ್ತ, ಅದನ್ನು ಕಂಡವನೇ ಅಧಿಕಾರಿ. ಕಾಣುವುದಕ್ಕೆ ಮೊದಲು ಅವನಿಗೆ ಯಾವ ಬಂಧನವೂ ಇರಲಿಲ್ಲ. ಕಂಡ ಕ್ಷಣದಿಂದ ಅವನು ಕಟ್ಟುಬಿದ್ದವನು. ಇದನ್ನು ಒಪ್ಪಿದರೆ ನಾಲ್ಕು ಸಂಗತಿಗಳು ತಾವಾಗಿಯೇ ಸಿದ್ಧಿಸುವುವು.

ಮೊದಲನೆಯದು, ಕಾಲದ ವಿಷಯ. ಗ್ರಹಣವು ಬಿಟ್ಟ ಮರುದಿನ ಗ್ರಹಣಸ್ನಾನವಿಲ್ಲ. ಕಾಮ್ಯವನ್ನು ಮುಂದಿನ ಶುಭದಿನಕ್ಕೆ ಹಾಕಬಹುದು. ನೈಮಿತ್ತಿಕಕ್ಕೆ ಅದರದೇ ಕಾಲ. ಸಂಜೆ ಆಸ್ಪತ್ರೆಗೆ ಹೋಗಿ ಹಣ್ಣುಹಂಪಲು ಕೊಟ್ಟು ಬರುವುದು ಬೆಳಿಗ್ಗೆ ನಿಲ್ಲದೆ ಹೋದುದಕ್ಕೆ ಸಮವಾಗಲಾರದು.

ಎರಡನೆಯದು, ಪಾತ್ರಾಪಾತ್ರ ವಿಚಾರ. ದಾನಕ್ಕೆ ಪಾತ್ರನನ್ನು ನೋಡಬೇಕೆಂದು ಶಾಸ್ತ್ರವುಂಟು. ಬಿದ್ದವನ ವಿಷಯದಲ್ಲಿ ಈ ವಿಚಾರಕ್ಕೆ ಅವಕಾಶವಿಲ್ಲ. ಅವನು ಕುಡಿದಿದ್ದನೋ, ತಲೆಗೆ ಶಿರಸ್ತ್ರಾಣವಿಲ್ಲದೆ ಮೂವರು ಒಂದೇ ಮೋಟಾರು ಸೈಕಲ್ಲಿನ ಮೇಲೆ ಕುಳಿತು ಬಂದರೋ, ತಪ್ಪು ಲಾರಿಯವನದೋ ಇವನದೋ ಎಂಬ ಪ್ರಶ್ನೆಗಳಿಗೆ ನ್ಯಾಯಾಧಿಪತಿಗಳಿರುವರು, ಅದಕ್ಕೆ ಬೇಕಾದಷ್ಟು ಕಾಲವೂ ಇರುವುದು. ನಮಗೆ ನಿಮಿತ್ತವು ಅವನ ಗಾಯವೇ ಹೊರತು ಅವನ ಗುಣವಲ್ಲ. ಯಾವ ಕೇರಿಯವನು, ಯಾವ ಕುಲದವನೆಂಬ ಪ್ರಶ್ನೆಯಂತೂ ಆ ಸಮಯದಲ್ಲಿ ಬಾಯಿಗೆ ಬರುವುದೇ ಅಧರ್ಮ. ಮಡಿ ಮೈಲಿಗೆಗಳನ್ನು ವಿಸ್ತಾರವಾಗಿ ಬರೆದ ಸ್ಮೃತಿಕಾರರೇ ಯಾತ್ರೆ, ಯುದ್ಧ, ದೇಶಕ್ಕೊದಗಿದ ವಿಪತ್ತು ಮೊದಲಾದ ಸಂದರ್ಭಗಳಲ್ಲಿ ಸ್ಪರ್ಶದೋಷವಿಲ್ಲವೆಂದು ವಿಧಿಸಿರುವರು. ಹಾಗಿರಲು ನೆತ್ತರು ಸೋರುತ್ತಿರುವ ಮನುಷ್ಯನನ್ನು ಮುಟ್ಟಲು ಹಿಂಜರಿಯುವವನಿಗೆ ಯಾವ ಶಾಸ್ತ್ರದ ಆಧಾರವೂ ಇಲ್ಲ. ಈ ಕಾಲದಲ್ಲಿ ಮೈಲಿಗೆಯ ಹೆದರಿಕೆಗಿಂತಲೂ ಕಾರಿನ ಆಸನಕ್ಕೆ ಕಲೆಯಾದೀತೆಂಬ ಹೆದರಿಕೆಯೇ ಹೆಚ್ಚಾಗಿ ಕಾಣುವುದು; ಅದೂ ಒಂದು ಬಗೆಯ ಮಡಿಯೇ ಸರಿ.

ಮೂರನೆಯದು, ಗುಂಪಿನ ವಿಷಯ. ಒಬ್ಬನೇ ಕಂಡರೆ ಅವನು ನಿಲ್ಲುವನು. ಐವತ್ತು ಜನ ಕಂಡರೆ ಯಾರೂ ಮುಂದೆ ಬರುವುದಿಲ್ಲ. ಕರ್ತವ್ಯವನ್ನು ಐವತ್ತು ಪಾಲು ಮಾಡಿ ತನ್ನ ಪಾಲಿಗೆ ಬಂದುದು ಅತ್ಯಲ್ಪವೆಂದು ಪ್ರತಿಯೊಬ್ಬನೂ ಒಳಗೊಳಗೇ ಲೆಕ್ಕ ಹಾಕುವನು. ಈ ಲೆಕ್ಕವು ತಪ್ಪು. ಅವಿಭಕ್ತ ಕುಟುಂಬದಲ್ಲಿ ಅಣ್ಣತಮ್ಮಂದಿರು ಐವರಿದ್ದರೆ ಹಿರಿಯನು ತಂದೆಯ ಶ್ರಾದ್ಧವನ್ನು ಮಾಡಿದಲ್ಲಿ ಐವರೂ ಮಾಡಿದಂತಾಗುವುದು. ಯಾರೂ ಮಾಡದೆ ಹೋದರೆ ದೋಷವು ಐದು ತುಂಡಾಗುವುದಿಲ್ಲ, ಪ್ರತಿಯೊಬ್ಬನಿಗೂ ಪೂರ್ಣವಾಗಿಯೇ ತಗಲುವುದು. ರಸ್ತೆಯ ಮೇಲೆ ನೆರೆದವರೂ ಆ ಕ್ಷಣಕ್ಕೆ ಒಂದು ಅವಿಭಕ್ತ ಕುಟುಂಬವೇ. ಕೊಪ್ಪಳದಲ್ಲಿ 2017ನೆಯ ಫೆಬ್ರವರಿಯ ಆರಂಭದಲ್ಲಿ ಬಸ್ಸಿಗೆ ಸಿಕ್ಕಿದ ಸೈಕಲ್ ಸವಾರನಾದ ತರುಣನೊಬ್ಬನು ರಸ್ತೆಯಲ್ಲಿ ನೆತ್ತರು ಸುರಿಸುತ್ತ ನೆರವಿಗಾಗಿ ಅಂಗಲಾಚುತ್ತಿರಲು, ಸುತ್ತ ನೆರೆದವರಲ್ಲಿ ಕೆಲವರು ತಮ್ಮ ಮೊಬೈಲುಗಳಲ್ಲಿ ಅವನ ಚಿತ್ರವನ್ನು ತೆಗೆಯುತ್ತಿದ್ದರು; ಅವನು ಬದುಕಲಿಲ್ಲ. ಆ ಚಿತ್ರವನ್ನು ದೇಶವೇ ನೋಡಿ ಮರುಗಿತು. ಆ ಜನರು ನಮಗಿಂತ ಕ್ರೂರಿಗಳೆಂದು ತಿಳಿಯುವುದು ಸುಲಭ; ಆದರೆ ನಿಜವಲ್ಲ. ‘ಬೇರೆ ಯಾರಾದರೂ ಮಾಡಿಯಾರು’ ಎಂಬ ನಮ್ಮೆಲ್ಲರ ಮನಸ್ಸಿನ ಮಾತೇ ಅಲ್ಲಿ ಬಯಲಿಗೆ ಬಂದಿತು.

ನಾಲ್ಕನೆಯದು, ಶಕ್ತಿಯ ವಿಷಯ. “ನನಗೆ ವೈದ್ಯ ತಿಳಿಯದು, ವಾಹನವಿಲ್ಲ, ಅರಿಯದೆ ಎತ್ತಿದರೆ ಹಾನಿಯಾದೀತು” ಎಂಬ ಪೂರ್ವಪಕ್ಷವುಂಟು. ಮೀಮಾಂಸಾಶಾಸ್ತ್ರವು ಇದಕ್ಕೆ ಸಮಾಧಾನವನ್ನು ಎಂದೋ ಹೇಳಿದೆ. ಕಾಮ್ಯಕರ್ಮವನ್ನು ಸರ್ವಾಂಗಸಂಪೂರ್ಣವಾಗಿ ಮಾಡಬಲ್ಲವನೇ ಕೈಗೊಳ್ಳಬೇಕು; ಅವಶ್ಯಕರ್ತವ್ಯವಾದುದನ್ನಾದರೋ, ಎಲ್ಲ ಅಂಗಗಳು ಕೂಡದಿದ್ದರೂ, ಯಥಾಶಕ್ತಿ ಮಾಡಬೇಕು. 108ಕ್ಕೆ ಕರೆಮಾಡುವುದು ಒಂದು ಅಂಗ. ಕರ್ನಾಟಕದಲ್ಲಿ ಆರೋಗ್ಯಕವಚವೆಂಬ ಹೆಸರಿನ ಈ ಆಂಬುಲೆನ್ಸ್ ಸೇವೆಯು 2008ರಲ್ಲಿ ಆರಂಭವಾಯಿತು. 112ಕ್ಕೆ ತಿಳಿಸುವುದು ಇನ್ನೊಂದು. ಕರೆಮಾಡಿದಾಗ ಹತ್ತಿರದ ಊರು, ಕೈಮರ, ಕಿಲೋಮೀಟರು ಕಲ್ಲು ಇವುಗಳನ್ನು ಸ್ಪಷ್ಟವಾಗಿ ಹೇಳುವುದು ಸಣ್ಣ ಕೆಲಸವಲ್ಲ. ಬರುವ ವಾಹನಗಳನ್ನು ದೂರದಲ್ಲಿಯೇ ಕೈಬೀಸಿ ನಿಧಾನಗೊಳಿಸುವುದು, ನೆತ್ತರು ಚಿಮ್ಮುವ ಕಡೆ ಶುದ್ಧವಾದ ಬಟ್ಟೆಯನ್ನು ಬಿಗಿಯಾಗಿ ಒತ್ತಿಹಿಡಿಯುವುದು, ಬೇರೆ ಅಪಾಯವಿಲ್ಲದಿದ್ದರೆ ಕುತ್ತಿಗೆ ಬೆನ್ನುಗಳನ್ನು ಅಲುಗಾಡಿಸದೆ ಹಾಗೆಯೇ ಇರಗೊಡುವುದು, ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹಾಕದಿರುವುದು ಇವನ್ನು ಯಾರು ತಾನೆ ಮಾಡಲಾರರು? ಏನೂ ಬಾರದವನು ಬಿದ್ದವನ ಕೈಯನ್ನು ಹಿಡಿದು “ಗಾಡಿ ಬರುತ್ತಿದೆ, ಹೆದರಬೇಡಪ್ಪ” ಎಂದು ಹೇಳಬಲ್ಲನು. ಶಕ್ತಿಯಿದ್ದಷ್ಟು ಕರ್ತವ್ಯ, ಆದಕಾರಣ ಕೂಲಿಗೆ ಹೋಗುವವನಿಗಿಂತ ಕಾರುಳ್ಳವನಿಗೆ, ಓದದವನಿಗಿಂತ ಓದಿದವನಿಗೆ ಹೊಣೆಯು ಹೆಚ್ಚು.

ಇನ್ನು ಎಲ್ಲಕ್ಕೂ ಬಲವಾದ ಪೂರ್ವಪಕ್ಷವೊಂದುಂಟು, ಅದು ಭಯ. “ಎತ್ತಿದವನೇ ಗುದ್ದಿದವನೆನ್ನುವರು, ಠಾಣೆಗೆ ಅಲೆದಾಡಿಸುವರು, ಸಾಕ್ಷಿ ಹೇಳಲು ವರ್ಷಗಟ್ಟಲೆ ಕೋರ್ಟಿಗೆ ಕರೆಯುವರು, ಆಸ್ಪತ್ರೆಯವರು ಹಣ ಕಟ್ಟೆನ್ನುವರು.” ಈ ಭಯವು ನಿರಾಧಾರವಾದುದೆಂದು ಹೇಳುವುದು ನ್ಯಾಯವಲ್ಲ. ಪರಮಾನಂದ ಕಟಾರ ಎಂಬವರು ಸುಪ್ರೀಂ ಕೋರ್ಟಿಗೆ ತಂದ ಮೊಕದ್ದಮೆಯ ಮೂಲವೇ ಇಂತಹ ಒಂದು ಸಂಗತಿ. ಕಾರಿಗೆ ಸಿಕ್ಕಿದ ಸ್ಕೂಟರ್ ಸವಾರನನ್ನು ಪರೋಪಕಾರಿಯೊಬ್ಬನು ಹತ್ತಿರದ ಆಸ್ಪತ್ರೆಗೆ ಒಯ್ಯಲು, ಇದು ಪೋಲೀಸು ವ್ಯವಹಾರಕ್ಕೆ ಸೇರಿದುದು, 20 ಕಿಲೋಮೀಟರು ದೂರದ ಬೇರೆ ಆಸ್ಪತ್ರೆಗೆ ಒಯ್ಯಿರೆಂದು ಅಲ್ಲಿಯವರು ಕಳುಹಿಸಿದರು. ದಾರಿಯಲ್ಲಿ ಅವನ ಪ್ರಾಣವು ಹೋಯಿತು. ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಯಾವ ವೈದ್ಯನೂ ಕಾನೂನಿನ ಕ್ರಮಗಳಿಗಾಗಿ ಕಾಯದೆ ಮೊದಲು ಪ್ರಾಣವನ್ನು ಉಳಿಸತಕ್ಕದ್ದೆಂದು 1989ರಲ್ಲಿ ಆ ನ್ಯಾಯಸ್ಥಾನವು ತೀರ್ಪಿತ್ತಿತು. ಬಳಿಕ ನೆರವಾದವರ ರಕ್ಷಣೆಗಾಗಿ ಕೇಂದ್ರ ಸರ್ಕಾರವು ಹೊರಡಿಸಿದ ಸೂಚನೆಗಳನ್ನು ಎಲ್ಲರೂ ಪಾಲಿಸತಕ್ಕದ್ದೆಂದು 2016ನೆಯ ಮಾರ್ಚಿ 30ರಂದು ಅದೇ ನ್ಯಾಯಸ್ಥಾನವು ಆಜ್ಞಾಪಿಸಿತು. ಪರೋಪಕಾರಿಗಳ ರಕ್ಷಣೆಗೆಂದೇ ಪ್ರತ್ಯೇಕ ಅಧಿನಿಯಮವನ್ನು ರಚಿಸಿದ ಮೊದಲನೆಯ ರಾಜ್ಯವು ನಮ್ಮ ಕರ್ನಾಟಕವೇ. 2016ರಲ್ಲಿ ವಿಧಾನಮಂಡಲವು ಅಂಗೀಕರಿಸಿದ ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತವು ದೊರೆಯಿತು. ಇದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ನಮ್ಮಲ್ಲಿ ಎಷ್ಟು ಮಂದಿಗೆ ಅದು ತಿಳಿದಿದೆ? ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ಆದ ತಿದ್ದುಪಾಟಿನಲ್ಲಿ 134ಎ ಎಂಬ ಪ್ರಕರಣವನ್ನು ಸೇರಿಸಿ, ಸದ್ಭಾವನೆಯಿಂದ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಯನ್ನು ಹೊರಿಸಲಾಗದೆಂದು ವಿಧಿಸಿದರು. 2020ರ ನಿಯಮಗಳಂತೆ ಅವನ ಹೆಸರು ವಿಳಾಸಗಳನ್ನು ಕೂಡ ಬಲವಂತವಾಗಿ ಕೇಳುವಂತಿಲ್ಲ; ಸಾಕ್ಷಿಯಾಗುವುದು ಅವನ ಇಷ್ಟಕ್ಕೆ ಬಿಟ್ಟುದು.

ಹಣದ ಭಯಕ್ಕೂ ಪರಿಹಾರವು ಬಂದಿರುವುದು. 2016ನೆಯ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹವು ಎರಡು ತುಂಡಾದ ಹರೀಶನೆಂಬ ತರುಣನು, ಪ್ರಾಣಹೋಗುವ ಸಮಯದಲ್ಲಿ, ತನ್ನ ಅಂಗಗಳನ್ನು ದಾನಮಾಡಿರೆಂದು ನೆರೆದವರನ್ನು ಬೇಡಿದನು. ಅವನ ಕಣ್ಣುಗಳು ದಾನವಾಗಿ ಸಂದವು. ಬಿದ್ದವನು ದಾರಿಹೋಕರಿಗೆ ಕೊಟ್ಟುಹೋದ ಈ ದಾನದ ಮುಂದೆ ದಾರಿಹೋಕರು ಬಿದ್ದವನಿಗೆ ಕೊಡಬೇಕಾದ ಹತ್ತು ನಿಮಿಷಗಳು ಎಷ್ಟರವು! ಅವನ ಹೆಸರಿನಲ್ಲಿಯೇ ರಾಜ್ಯ ಸರ್ಕಾರವು ಆ ವರ್ಷದ ಮಾರ್ಚಿಯಲ್ಲಿ ಸಾಂತ್ವನ ಯೋಜನೆಯನ್ನು ಆರಂಭಿಸಿ, ಗಾಯಾಳುವಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸಲು ಏರ್ಪಡಿಸಿತು. 2025ನೆಯ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಯೋಜನೆಯಂತೆ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ಹಣ ಕಟ್ಟದೆಯೇ ಚಿಕಿತ್ಸೆ ಪಡೆಯಲು ಗಾಯಾಳುವು ಹಕ್ಕುಳ್ಳವನು. ಹೀಗೆ ಭಯದ ಬೇರನ್ನು ಕಾನೂನು ಕತ್ತರಿಸಿದೆ. ಆದರೆ ಬೇರು ಕತ್ತರಿಸಿದ ಮರವು ಕೆಲವು ಕಾಲ ಹಸುರಾಗಿಯೇ ನಿಂತಿರುವಂತೆ ಭಯವು ಜನರಲ್ಲಿ ನಿಂತಿದೆ. ಇದನ್ನು ಊರವರಿಗೆ ತಿಳಿಯಹೇಳುವ ಕೆಲಸವು ಓದುಬರಹ ಬಲ್ಲ ಮನೆಗಳದು.

ಗಾಯಾಳುವನ್ನು ಸುವರ್ಣ ಘಳಿಗೆಯಲ್ಲಿ ಆಸ್ಪತ್ರೆಗೆ ಸೇರಿಸಿದವನಿಗೆ ಬಹುಮಾನವನ್ನು ಕೊಡುವ ಕ್ರಮವೊಂದನ್ನೂ ಸರ್ಕಾರವು 2021ರಲ್ಲಿ ತಂದಿತು. ಆಗ 5,000 ರೂಪಾಯಿಗಳಾಗಿದ್ದ ಅದನ್ನು 2025ರಲ್ಲಿ 25,000ಕ್ಕೆ ಏರಿಸಿದರು. ನೈಮಿತ್ತಿಕವಾದುದು ಇದರಿಂದ ಕಾಮ್ಯವಾಗಿಬಿಡುವುದಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಕೂಲಿಯನ್ನು ಕಳೆದುಕೊಂಡು ದಿನವೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಬಡವನಿಗೆ ಅದು ಬಹುಮಾನವಲ್ಲ, ನಷ್ಟದ ಪೂರಣ. ಅವನು ಸಂಕೋಚವಿಲ್ಲದೆ ಪಡೆಯಲಿ. ಉಳ್ಳವರು ಅದನ್ನು ನಿರೀಕ್ಷಿಸಬಾರದು. ಬಹುಮಾನವಿದ್ದರೆ ನಿಲ್ಲುವೆನೆನ್ನುವವನು, ಅದಿಲ್ಲದ ದಿನ ಬಿದ್ದವನನ್ನು ಬಿಟ್ಟುಹೋಗುವನೆಂಬುದನ್ನು ಮರೆಯಬಾರದು.

ವಿಹಿತವಾದುದರ ಜೊತೆಗೆ ನಿಷಿದ್ಧವನ್ನೂ ಹೇಳಬೇಕು. ಗಾಯಾಳುವಿನ ಚಿತ್ರವನ್ನು ತೆಗೆದು ಊರಿಗೆಲ್ಲ ಹಂಚುವುದು ನಿಷಿದ್ಧ. ಅವನ ಮನೆಯವರು ಮೊದಲು ಸುದ್ದಿಯನ್ನು ಕೇಳುವುದು ಆ ಚಿತ್ರದಿಂದಾದರೆ ಅದಕ್ಕಿಂತ ಕ್ರೌರ್ಯವುಂಟೆ? ಚಾಲಕನನ್ನು ಹಿಡಿದು ಥಳಿಸುವುದು ನಿಷಿದ್ಧ. ಅಪಘಾತಮಾಡಿದ ಚಾಲಕನೇ ಗಾಯಾಳುವಿಗೆ ವೈದ್ಯಸಹಾಯವನ್ನು ಒದಗಿಸಬೇಕೆಂದು ಕಾನೂನು ವಿಧಿಸಿದೆ. ಆದರೆ ಗುಂಪಿನ ಏಟಿಗೆ ಹೆದರಿದವನು ವಾಹನವನ್ನು ಅಲ್ಲಿಯೇ ಬಿಟ್ಟು ಓಡುವನು. ಅವನು ಓಡದೆ ನಿಂತಿದ್ದರೆ ಅವನ ವಾಹನವೇ ಗಾಯಾಳುವನ್ನು ಒಯ್ಯಬಹುದಾಗಿತ್ತು. ನಮ್ಮ ಕೋಪವು ಅವನನ್ನು ಓಡಿಸಿತು. ಅದರ ಬೆಲೆಯನ್ನು ತೆತ್ತವನು ಬಿದ್ದವನು.

ನೈಮಿತ್ತಿಕವನ್ನು ಇಷ್ಟು ಹೇಳಿದ ಮೇಲೆ ನಿತ್ಯವನ್ನು ಬಿಡಲಾಗದು. ರಸ್ತೆಯಲ್ಲಿ ಎಚ್ಚರದಿಂದ ನಡೆಯುವುದು ನಿತ್ಯಕರ್ಮ. ಅದಕ್ಕೆ ಹೊಗಳಿಕೆಯಿಲ್ಲ, ಹಾರತುರಾಯಿಗಳಿಲ್ಲ. ಬಿಟ್ಟರೆ ಮಾತ್ರ ಪ್ರತ್ಯವಾಯ. ಮೆಕ್ಕೆಜೋಳವನ್ನು ರಸ್ತೆಯ ಅರ್ಧಕ್ಕೆ ಹರಡಿ, ಅಂಚಿಗೆ ಕಲ್ಲುಗಳನ್ನಿಟ್ಟು, ಸಂಜೆ ಕಾಳನ್ನು ಮಾತ್ರ ಬಾಚಿಕೊಂಡು ಕಲ್ಲುಗಳನ್ನು ಅಲ್ಲಿಯೇ ಬಿಟ್ಟುಹೋಗುವುದು ನಮ್ಮ ಸುಗ್ಗಿಕಾಲದ ವಾಡಿಕೆ. ರೈತನಿಗೆ ಕಣವಿಲ್ಲದ ಕಷ್ಟವು ನಿಜ. ಊರಿಗೊಂದು ಒಕ್ಕಣೆಯ ಕಣವನ್ನು ಮಾಡಿಸುವುದು ಪಂಚಾಯತಿಯ ಕರ್ತವ್ಯವೂ ನಿಜ. ಆದರೆ ಆ ಕಲ್ಲು ಕತ್ತಲಲ್ಲಿ ಎಡವಿಸುವುದು ಇನ್ನೊಬ್ಬ ರೈತನ ಮಗನನ್ನೇ. ಹಿಂದೀಪವಿಲ್ಲದ ಟ್ರ್ಯಾಕ್ಟರಿನ ಗಾಡಿಗೆ ಬೆಳಕನ್ನು ಹಿಂದಿರುಗಿಸುವ ಕೆಂಪುಪಟ್ಟಿಯನ್ನು ಅಂಟಿಸಲು ತಗಲುವ ವೆಚ್ಚವು ಅತ್ಯಲ್ಪ. ಓದಿದ ಮನೆಗಳಲ್ಲಿ ನಡೆಯುವ ಒಂದು ದೋಷವನ್ನೂ ಹೇಳಲೇಬೇಕು: ಹದಿನಾರು ವರ್ಷದ ಮಗನು ಮೋಟಾರು ಸೈಕಲ್ಲನ್ನು ನಡೆಸುವುದನ್ನು ಕಂಡು ಹಿಗ್ಗುವ ತಂದೆತಾಯಿಗಳು ಕಡಿಮೆಯಿಲ್ಲ. 2019ರ ತಿದ್ದುಪಾಟಿನಂತೆ ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನಿಗೆ ಮೂರು ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ. ಶಿಕ್ಷೆಯ ಮಾತು ಹಾಗಿರಲಿ. ಮಗನ ಕೈಗೆ ಬೀಗದ ಕೈಯನ್ನು ಕೊಡುವವನು ಅವನ ತಲೆಗೆ ಶಿರಸ್ತ್ರಾಣವನ್ನು ಇಡದಿದ್ದರೆ ಆ ಪ್ರೀತಿಗೆ ಅರ್ಥವೇನು?

ಕಡೆಯದಾಗಿ, ಆಸ್ಪತ್ರೆಯಿಂದ ಮನೆಗೆ ಬಂದವನ ವಿಷಯ. ಮೊದಲನೆಯ ವಾರ ಮನೆತುಂಬ ಜನ. ಮೂರನೆಯ ತಿಂಗಳಿಗೆ ಊರುಗೋಲು ಹಿಡಿದ ಅವನೂ ಅವನ ಹೆಂಡತಿಯೂ ಮಾತ್ರ. ದುಡಿಯುವವನು ಹಾಸಿಗೆ ಹಿಡಿದರೆ ಮಕ್ಕಳ ಓದು ನಿಲ್ಲುವುದು, ತೋಟವು ಒತ್ತೆಗೆ ಹೋಗುವುದು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿಯನ್ನು ಸಲ್ಲಿಸಬಹುದೆಂಬುದಾಗಲಿ, ಗುದ್ದಿ ಓಡಿಹೋದ ವಾಹನವು ಪತ್ತೆಯಾಗದಿದ್ದರೂ 2022ರಿಂದ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿಗಳ ಪರಿಹಾರವು ಗೊತ್ತಾಗಿದೆಯೆಂಬುದಾಗಲಿ ಅನೇಕ ಕುಟುಂಬಗಳಿಗೆ ತಿಳಿಯದು. ತಿಳಿದ ಮಧ್ಯವರ್ತಿಯು ಅದರಲ್ಲಿ ಪಾಲು ಕೇಳುವನು. ಊರಿನ ಉಪಾಧ್ಯಾಯರು, ಗುಮಾಸ್ತೆಗಳು, ವಕೀಲರು ತಲಾ ಒಂದು ಅರ್ಜಿಯನ್ನು ಕೂಲಿಯಿಲ್ಲದೆ ಬರೆದುಕೊಟ್ಟರೆ ಒಂದೊಂದು ಮನೆಯು ನಿಲ್ಲುವುದು. ಇಲ್ಲಿಯೂ ನಿಮಿತ್ತವು ಬಂದಿದೆ, ಕಂಡವನೇ ಅಧಿಕಾರಿ.

ಹೀಗಾಗಿ ಆರಂಭದ ಪ್ರಶ್ನೆಗೆ ಉತ್ತರವು ಇದು: ನಿಲ್ಲದೆ ಹೋದವನು ಪುಣ್ಯವನ್ನು ಕಳೆದುಕೊಂಡವನಲ್ಲ, ಸಲ್ಲಿಸಬೇಕಾದುದನ್ನು ಸಲ್ಲಿಸದೆ ಹೋದವನು. ನಿಂತವನನ್ನು ದೇವರೆಂದು ಹೊಗಳುವುದನ್ನು ನಾವು ಸ್ವಲ್ಪ ಕಡಮೆ ಮಾಡಿದರೂ ಬಾಧಕವಿಲ್ಲ; ಆ ಹೊಗಳಿಕೆಯಲ್ಲಿ ಉಳಿದವರಿಗೆಲ್ಲ ಬಿಡುಗಡೆಯ ಚೀಟಿಯು ಅಡಗಿರುವುದು. ಸ್ನಾನಮಾಡಿದವನನ್ನು ಯಾರೂ ಹಾರ ಹಾಕಿ ಮೆರೆಸುವುದಿಲ್ಲ. ಚನ್ನಗಿರಿಯ ಸಂತೆಯ ದಾರಿಯಲ್ಲಾಗಲಿ ಜಗಳೂರಿನ ಬಯಲಿನಲ್ಲಾಗಲಿ, ಬಿದ್ದವನಿಗಾಗಿ ನಿಲ್ಲುವುದು ಹಾಗೆಯೇ ಸಾಧಾರಣವಾದ, ಯಾರೂ ಎತ್ತಿ ಆಡದ ಸಂಗತಿಯಾಗುವ ಕಾಲವು ಬರಲಿ. ಅಲ್ಲಿಯವರೆಗೆ ನಮ್ಮ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮಗ್ಗಿಯನ್ನು ಕಲಿಸುವಾಗ 108, 112 ಎಂಬ ಎರಡು ಸಂಖ್ಯೆಗಳನ್ನೂ ಬಾಯಿಪಾಠ ಮಾಡಿಸೋಣ.